ಹಿಂದಲೆಯ ಸುರುಳಿ

ಗೆಳತಿ ರತ್ನಾ,

ಕ್ಷೇಮವೇ ಎಂದು ಕೇಳುವ ಸ್ಥಿತಿಯಲ್ಲಿ ನಾನಿಲ್ಲ. ನಿನ್ನ ಮೇಲೆ ವಿಪರೀತ ಸಿಟ್ಟು ಬಂದಿದೆ, ಅದನ್ನು ನಿನ್ನ ಹತ್ತಿರವೇ ತೀರಿಸಿಕೊಳ್ಳಬೇಕು. ಹೋದ ಭಾನುವಾರ ಸೀಗೆಕಾಯಿ ಹಾಕಿ ತಲೆ ತೊಳೆದುಕೊಂಡು, ನಮ್ಮ ಬಾಡಿಗೆ ಕೋಣೆಯ ಹಿಂದಿನ ಅಂಗಳದಲ್ಲಿ ಕನ್ನಡಿ ಇಟ್ಟುಕೊಂಡು ಕೂತೆ. ನೆತ್ತಿಯ ಕೂದಲನ್ನು ದಾರದ ಖಾಲಿ ರೀಲಿಗೆ ಸುತ್ತಿದ್ದಾಯಿತು. ಕಿವಿಯ ಪಕ್ಕದ್ದನ್ನು ಬೆರಳಿಗೆ ಸುತ್ತಿ, ಉಂಗುರ ಮಾಡಿ, ತಲೆಗೊತ್ತಿ ಕ್ಲಿಪ್ಪು ಹಾಕಿದ್ದೂ ಆಯಿತು. ಹಿಂದಲೆಗೆ ಬಂದೆ ನೋಡು, ಅಲ್ಲಿಗೆ ಮುಗಿಯಿತು. ಸುರುಳಿಯನ್ನು ಒತ್ತಿ ಹಿಡಿಯಲು ಒಂದು ಕೈ, ಕ್ಲಿಪ್ಪು ಹಾಕಲು ಇನ್ನೊಂದು ಕೈ. ಹಿಂದೆ ಏನಾಗುತ್ತಿದೆ ಎಂದು ನೋಡುವ ಕಣ್ಣು ಯಾರದು? ಒಂದು ಹಾಕುವಷ್ಟರಲ್ಲಿ ಇನ್ನೊಂದು ಬಿಚ್ಚಿಕೊಳ್ಳುತ್ತದೆ. ತೋಳುಗಳು ಸೋತು ಬಿದ್ದವು, ನೀರು ಬೆನ್ನಿಗಿಳಿದು ರವಿಕೆ ನೆನೆಯಿತು. ನಿನ್ನ ಹಿಂದಲೆ ನಾನು, ನನ್ನ ಹಿಂದಲೆ ನೀನು ಎಂದು ಮಾತಾಗಿತ್ತಲ್ಲವೇ? ಹೀಗೆ ಅರ್ಧಕ್ಕೆ ಕೈಬಿಟ್ಟು ಹೋದರೆ...

ಬಳ್ಳಾರಿಯಲ್ಲಿ ನರ್ಸ್ ತರಬೇತಿಗೆ ಸೇರಿದ ಮೊದಲ ವರ್ಷ ಈ ಹುಚ್ಚು ನಿನಗೆ ಹಿಡಿಯಿತು. ಹಾಸ್ಟೆಲಿನ ಅಡುಗೆಮನೆಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿತ್ತು. ಅದರ ಮುಚ್ಚಳದ ಮೇಲೆ ಯಾವುದೋ ಕಾಲದ ಹೆಂಗಸಿನ ಚಿತ್ರ, ಹಣೆಯಿಂದ ಕಿವಿಯವರೆಗೆ ಅಲೆಯಲೆಯಾಗಿ ಇಳಿದ ಕೂದಲು. ನೀನು ಅದನ್ನು ಒರೆಸಿ ಒರೆಸಿ ನೋಡುತ್ತಿದ್ದೆ. ನಮಗೆ ಪಾಠ ಹೇಳುತ್ತಿದ್ದ ವಯಸ್ಸಾದ ಸಿಸ್ಟರಿಗೆ ಆ ವಿದ್ಯೆ ಗೊತ್ತಿತ್ತು. ಒದ್ದೆಯಿದ್ದಾಗ ಸುತ್ತಿ, ಒಣಗಿದ ಮೇಲೆ ಬಿಚ್ಚಬೇಕು, ಅಷ್ಟೇ ಎಂದರು. ಅಷ್ಟೇ! ಆ ಒಂದು 'ಅಷ್ಟೇ'ಯ ಹಿಂದೆ ನನ್ನ ಎಷ್ಟು ಭಾನುವಾರಗಳು ಹಾಳಾದವು ಎಂದು ನಿನಗೆ ಗೊತ್ತೇ?

ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಗೆ ಇಬ್ಬರಿಗೂ ಒಟ್ಟಿಗೆ ಆರ್ಡರು ಬಂದು, ಈ ಕೋಣೆ ಹಿಡಿದ ಮೇಲೆ ನಿನ್ನನ್ನು ತಡೆಯುವವರೇ ಇರಲಿಲ್ಲ. ಮೊದಲು ನೀನು ಇಬ್ಬರ ಕೂದಲನ್ನೂ ಭುಜದ ಕೆಳಗೆ ಗೇಣುದ್ದ ಬಿಟ್ಟು ಕತ್ತರಿಸಿದೆ. ಊರಿಗೆ ಹೋದಾಗ ನಮ್ಮವ್ವ ನನ್ನ ತಲೆ ನೋಡಿ ಅತ್ತೇಬಿಟ್ಟಳು. ಇಲ್ಲಿನ ಯಾವ ಅಂಗಡಿಯಲ್ಲೂ ಕೂದಲು ಸುತ್ತುವ ರೋಲರು ಸಿಗದೆ, ನೀನು ದರ್ಜಿಯವನಿಂದ ದಾರದ ಖಾಲಿ ರೀಲುಗಳನ್ನು ಬೇಡಿ ತಂದೆ. ಸುರುಳಿ ನಿಲ್ಲಲೆಂದು ಅನ್ನದ ಗಂಜಿ ಹಚ್ಚಿದೆ. ಅದು ಒಣಗಿ ಹೊಟ್ಟಿನಂತೆ ಉದುರಿ, ಆಸ್ಪತ್ರೆಯಲ್ಲಿ ನಾನು ಮಗುವಿಗೆ ಔಷಧಿ ಕೊಡುವಾಗ ತಾಯಿಯೊಬ್ಬಳು, "ಸಿಸ್ಟರಮ್ಮ, ನಿಮ್ ತಲ್ಯಾಗಿಂದು ಚಮಚದಾಗ ಬೀಳಾಕತ್ತೈತ್ರಿ" ಅಂದಳು. ಆಮೇಲೆ ಸಕ್ಕರೆ ನೀರು. ಇರುವೆಗಳು ನನ್ನ ದಿಂಬನ್ನೇ ಊರು ಮಾಡಿಕೊಂಡವು. ಕಡೆಗೆ ಅಗಸೆ ಬೀಜ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆ ಲೋಳೆ ಹಚ್ಚಿದ ದಿನ ಸುರುಳಿ ನಿಂತಿತು. ಪ್ರತಿ ಪ್ರಯೋಗಕ್ಕೂ ನನ್ನ ತಲೆಯೇ ಯಾಕೆ ಬೇಕಿತ್ತು ನಿನಗೆ? ಕೇಳಿದರೆ, "ನಿಂದು ಕುದುರಿ ಬಾಲ ಇದ್ದಂಗ ಐತ್ಲೇ ಹನುಮಿ. ಇದು ಬಗ್ಗಿದ್ರ ಯಾರ್ದಾದ್ರೂ ಬಗ್ಗತೈತಿ" ಅನ್ನುತ್ತಿದ್ದೆ.

ಒಮ್ಮೆ ನಾನು ರೋಸಿ ಹೋಗಿ ತಲೆಯಲ್ಲಿದ್ದ ಕ್ಲಿಪ್ಪುಗಳನ್ನೆಲ್ಲ ಕಿತ್ತು ಎಸೆದೆ. "ಯಾರು ನೋಡ್ತಾರ ಅಂತ ಇದೆಲ್ಲ?" ಎಂದು ಕೂಗಾಡಿದೆ. ನೀನು ಒಂದೊಂದೇ ಕ್ಲಿಪ್ಪು ಹೆಕ್ಕುತ್ತ ಅಂದದ್ದು ಈಗಲೂ ಕಿವಿಯಲ್ಲಿದೆ. "ನಮ್ಮವ್ವನ ತಲಿ ಯಾರರ ನೋಡ್ಯಾರೇನು? ಯಾವಾಗ ನೋಡಿದ್ರೂ ಸಿಂಬಿ, ಅದರ ಮ್ಯಾಲೆ ಪುಟ್ಟಿ. ಮಣ್ಣು ಹೊತ್ತು ಹೊತ್ತು ನೆತ್ತಿ ಸವದೈತಿ. ನಮ್ಮ ತಲಿಮ್ಯಾಲೆ ಏನೂ ಇಲ್ಲಲ್ಲ ಹನುಮಿ. ನೋಡ್ಲಿ." ನಾನು ಮತ್ತೆ ನಿನ್ನ ಮುಂದೆ ಬೆನ್ನು ಹಾಕಿ ಕೂತೆ.

ಮನೆಯೊಡತಿ ನೀಲಮ್ಮನವರಿಗೆ ಮಾತ್ರ ಇದು ಕಣ್ಣಿಗೆ ಚುಚ್ಚಿದಂತಾಗುತ್ತಿತ್ತು. ಅಗಸೆ ಕುದಿಯುವ ವಾಸನೆ ಬಂದರೆ ಸಾಕು, ಕಿಟಕಿಯಿಂದಲೇ ಶುರು: "ಚಟ್ನಿ ಮಾಡ್ಕಂಡು ತಿನ್ನೋದು ಬಿಟ್ಟು ತಲಿಗೆ ಹಚ್ಕಂತಾರ!" ಆಮೇಲೆ, "ನರ್ಸಮ್ಮಾರೆ, ಅಂಗಳದಾಗ ಕುಂತು ತಲಿ ತುಂಬ ಕಬ್ಬಣ ಚುಚ್ಕಾಬ್ಯಾಡ್ರಿ. ಹೋಗೋರು ಬರೋರು ಏನಂತಾರ?" ನೀನು ಸುಮ್ಮನಿರುವವಳೇ? "ಏನಂತಾರ್ರಿ? ಇವ್ರಿಗೂ ತಲಿ ಐತಿ ಅಂತಾರ" ಅಂದುಬಿಟ್ಟೆ. ಅವರು ಕಿಟಕಿ ಬಡಿದು ಮುಚ್ಚಿಕೊಂಡರು. ಆ ವಾರವಿಡೀ ನಮ್ಮ ಕೊಡಕ್ಕೆ ನೀರು ಸುರಿಯಲಿಲ್ಲ, ನಿನಗೆ ನಗು.

ಕೊಟ್ಟೂರಿಗೆ ಫೋಟೊ ತೆಗೆಸಿಕೊಳ್ಳಲು ಹೋದ ದಿನ ನೆನೆಸಿಕೊಂಡರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಸುರುಳಿ ಕೆಡಬಾರದೆಂದು ಇಬ್ಬರೂ ತಲೆಗೆ ಟವೆಲು ಬಿಗಿದುಕೊಂಡು ಬಸ್ಸು ಹತ್ತಿದೆವು. ಕಂಡಕ್ಟರು ಗಾಬರಿಯಾಗಿ, "ತಲಿಗೆ ಪೆಟ್ಟು ಬಿದ್ದೈತೇನ್ರಿ? ಏಳ್ರಿ, ಅವರಿಗೆ ಜಾಗ ಬಿಡ್ರಿ" ಎಂದು ಇಬ್ಬರನ್ನು ಎಬ್ಬಿಸಿ ನಮ್ಮನ್ನು ಕೂರಿಸಿದ. ಅಲ್ಲಿಯವರೆಗೆ ಚೆನ್ನಾಗಿತ್ತು. ಸ್ಟುಡಿಯೋದಲ್ಲಿ ಟವೆಲು ಬಿಚ್ಚಿದಾಗ ನಿನ್ನದು ಆ ಮುಚ್ಚಳದ ಚಿತ್ರದಂತೆಯೇ ಇತ್ತು ರತ್ನಾ. ನಿಜವಾಗಿ. ಹಣೆಯಿಂದ ಅಲೆ ಎದ್ದು ಕಿವಿಯ ಹತ್ತಿರ ಮಡಚಿ ಕೂತಿತ್ತು. ಫೋಟೊದವನು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಯಾವ ನಾಟಕ ಕಂಪ್ನಿ ಬಂದೈತ್ರಿ?" ಅಂದ. "ಸರಕಾರಿ ಕಂಪ್ನಿರಿ. ಸೂಜಿ ಚುಚ್ಚೋರು" ಅಂದೆ ನೀನು. ಅವನ ಮುಖ ಬಿಗಿಯಿತು. ಒಳಗೆ ಎಣ್ಣೆಯಿದೆ, ಮನೆತನಸ್ಥರ ಹಾಗೆ ಬಾಚಿಕೊಂಡು ಬನ್ನಿ ಅಂದ. ನೀನು ಬಿಡಲಿಲ್ಲ, ಅವನೂ ಸೋಲಲಿಲ್ಲ. ಕೊನೆಗೆ ಗೊಣಗುತ್ತ ದೀಪ ಹಾಕಿದ, ನಾವು ಕುರ್ಚಿಯಲ್ಲಿ ಕೂತೆವು, ಕರೆಂಟು ಹೋಯಿತು. ಸಂಜೆಯ ಬಸ್ಸಿನವರೆಗೆ ಕಾದರೂ ಬರಲಿಲ್ಲ. ಕೂತು ಕೂತು ಬೆವರಿ ನಮ್ಮ ಸುರುಳಿಗಳೆಲ್ಲ ಇಳಿದುಹೋದವು. "ಹೋಗ್ಲಿ ಬಿಡ್ಲೇ, ಮುಂದಿನ ವಾರ ಬರಾಣ" ಅಂದೆ ನೀನು.

ಮುಂದಿನ ವಾರ ನಿನ್ನನ್ನು ಮೈಲಾರದ ಜಾತ್ರೆಗೆ ಕಾಲರಾ ಚುಚ್ಚುಮದ್ದಿನ ಕೆಲಸಕ್ಕೆ ಹಾಕಿದರು. ಬಂದವಳು ಸುಸ್ತು ಅಂದೆ, ಊಟ ಸೇರುತ್ತಿಲ್ಲ ಅಂದೆ. ನನ್ನ ಸಿಟ್ಟು ಇರುವುದು ಇಲ್ಲಿ, ರತ್ನಾ. ಊರ ಮಕ್ಕಳ ಕಣ್ಣೆವೆ ಎಳೆದು ಕಾಮಾಲೆಯ ಹಳದಿ ಇದೆಯೇ ಎಂದು ನೋಡುತ್ತಿದ್ದವಳು ನೀನು. ದಿನವೂ ಕನ್ನಡಿಯೆದುರು ಕೂತು ಒಂದೊಂದು ಎಳೆ ಎಣಿಸುತ್ತಿದ್ದವಳು. ಅದೇ ಕನ್ನಡಿಯಲ್ಲಿ ನಿನ್ನ ಕಣ್ಣು ನಿನಗೆ ಕಾಣಲಿಲ್ಲವೇ? ಕಂಡಿತ್ತು. ರಜೆ ಸಿಗದು, ತಾನಾಗಿ ಇಳಿಯುತ್ತದೆ ಎಂದು ನನ್ನಿಂದಲೂ ಮುಚ್ಚಿಟ್ಟೆ, ನಾನು ಹಂಪಸಾಗರದ ಕ್ಯಾಂಪು ಮುಗಿಸಿ ಬರುವಷ್ಟರಲ್ಲಿ ನೀನು ಎದ್ದು ನಿಲ್ಲಲಾರದೆ ಬಿದ್ದಿದ್ದೆ. ಹರಪನಹಳ್ಳಿಯ ಆಸ್ಪತ್ರೆಗೆ ಜೀಪಿನಲ್ಲಿ ಒಯ್ಯುವಾಗ ನಿನ್ನ ತಲೆ ನನ್ನ ತೊಡೆಯ ಮೇಲಿತ್ತು. ಬೆವರಿಗೆ ಕೂದಲು ಗಂಟುಗಟ್ಟಿತ್ತು. ಬಿಡಿಸಲು ಹೋದರೆ, "ಬ್ಯಾಡ್ಲೇ, ನೋಯ್ತೈತಿ" ಅಂದೆ. ಅದೇ ಕೊನೆಯ ಮಾತು. ಇದು ಒಂದು ಕೊನೆಯ ಮಾತೇ?

ನಿನ್ನನ್ನು ಮಣ್ಣು ಮಾಡಿದ ಮೇಲೆ ನಿಮ್ಮಣ್ಣ ಬಂದು ಟ್ರಂಕು ಒಯ್ದ. ಗೋಡೆಯ ಗೂಡಿನಲ್ಲಿದ್ದ ಕ್ಲಿಪ್ಪು, ರೀಲುಗಳು ಕಸವೆಂದು ಬಿಟ್ಟುಹೋದ. ಅವನ್ನೇ ಇಟ್ಟುಕೊಂಡು ನಾನು ಹೋದ ಭಾನುವಾರ ಕೂತದ್ದು. ಹಿಂದಲೆ ಕೈಗೆ ಹತ್ತದೆ, ಕ್ಲಿಪ್ಪುಗಳನ್ನು ನೆಲಕ್ಕೆ ಬಡಿದು ಅಳುತ್ತಿದ್ದೆ. ಬೆನ್ನ ಹಿಂದೆ ಬಳೆ ಸಪ್ಪಳವಾಯಿತು. ನೀಲಮ್ಮನವರು. "ಅತ್ತಾಗ ತಿರುಗ್ರಿ" ಅಂದರು. ಬೈಗುಳಕ್ಕೆ ಕಾದು ಕೂತೆ. ಅವರು ನನ್ನ ಒದ್ದೆ ಕೂದಲಿಗೆ ಬೆರಳು ಹಾಕಿದರು. ನಮ್ಮ ಕೊಡಕ್ಕೆ ಎಲ್ಲಿ ತಾಗುತ್ತದೋ ಎಂದು ಎತ್ತರದಿಂದ ನೀರು ಸುರಿಯುತ್ತಿದ್ದ ಆ ಕೈ, ರತ್ನಾ! ಎಳೆ ಬಿಡಿಸಿ, ಬೆರಳಿಗೆ ಸುತ್ತಿ, ತಲೆಗೊತ್ತಿ, ಎರಡು ಕ್ಲಿಪ್ಪು ಅಡ್ಡಡ್ಡ ಹಾಕಿದರು. ಥೇಟ್ ನಿನ್ನ ಹಾಗೆ.

"ನಿಮಗ ಹೆಂಗ ಗೊತ್ತ್ರೀ ಇದು?"

"ಕಿಟಕ್ಯಾಗಿಂದ ನೋಡೀನಿ."

ಇನ್ನೊಂದು ಸುತ್ತಿದರು. ಮತ್ತೆ ಅವರೇ ಅಂದರು, "ನನಗೂ ಒಮ್ಮಿ ಮಾಡವ್ವ ಅಂತ ಆಕಿನ್ನ ಕೇಳಬೇಕಂತಿದ್ದೆ. ಬಾಯಿ ಬರ್ಲಿಲ್ಲ."

ನನಗೆ ಸಿಟ್ಟೇ ಬಂತು. ಕೇಳಿದ್ದರೆ ನೀನು ಅವರನ್ನು ಆ ಕ್ಷಣವೇ ಕೂರಿಸಿಕೊಂಡು ಬಿಡುತ್ತಿರಲಿಲ್ಲವೇ? ಒಂದು ಗೋಡೆಯ ಆಚೆ ಈಚೆ ಇಷ್ಟು ದಿನ ಬೈದಾಡಿಕೊಂಡು... ಅದಕ್ಕೂ ಮೇಲೆ, ಒಗ್ಗರಣೆ ಹಾಕುತ್ತಿದ್ದವರು ಎಣ್ಣೆಗೈಯಲ್ಲೇ ಎದ್ದು ಬಂದಿದ್ದರು. ಸಂಜೆ ಬಿಚ್ಚಿದರೆ ಆ ಎಣ್ಣೆಗೆ ಹಿಂದಲೆಯ ಒಂದು ಸುರುಳಿಯೂ ನಿಂತಿರಲಿಲ್ಲ.

ಇವತ್ತು ಅವರ ಸರದಿ. ಬೆಳಿಗ್ಗೆಯೇ ಬಂದು ನಮ್ಮ ಮಣೆಯ ಮೇಲೆ ಕೂತರು. ನರೆತ ಸಣ್ಣ ಎಳೆಗಳು, ಕ್ಲಿಪ್ಪು ಹಾಕಿದರೆ ಜಾರುತ್ತವೆ. ಒಂದು ಕಡೆ ಕೂರುವುದಿಲ್ಲ, ಹಾಲು ಉಕ್ಕಿತೆಂದು ಓಡುತ್ತಾರೆ, ತುರಿಸುತ್ತದೆಂದು ಕೆರೆಯುತ್ತಾರೆ. ಈಗ ತಾನೇ ಬಿಚ್ಚಿದೆ. ಎಡಗಡೆ ಚೆನ್ನಾಗಿ ಬಂದಿದೆ, ಬಲಗಡೆ ಬಿದ್ದುಹೋಗಿದೆ. ಕನ್ನಡಿಯನ್ನು ಬಹಳ ಹೊತ್ತು ಹಿಡಿದುಕೊಂಡು ನೋಡಿದರು. "ಇದು ಸರಿ ಬಂದಿಲ್ಲ. ಇನ್ನೊಮ್ಮಿ ಸುತ್ತ್ರಿ" ಎಂದು ಮತ್ತೆ ತಲೆ ತೊಳೆದುಕೊಳ್ಳಲು ಎದ್ದು ಹೋಗಿದ್ದಾರೆ. ಆ ಬಿಡುವಿನಲ್ಲಿ ಇಷ್ಟು ಬರೆದೆ.

ಇಗೋ, ಕೂಗುತ್ತಿದ್ದಾರೆ. "ಹನುಮಕ್ಕಾ, ಒಬ್ಬಾಕಿಗೆ ಆಗವಲ್ದು. ಒಳಗ ಬರ್ರಿ, ತಲಿಮ್ಯಾಲೆ ನೀರು ಹಾಕ್ರಿ."

ಅವರ ಮನೆಯ ಹೊಸ್ತಿಲನ್ನು ನಾವಿಬ್ಬರೂ ಒಮ್ಮೆಯೂ ದಾಟಿದವರಲ್ಲ. ಬಚ್ಚಲು ಎಲ್ಲಿದೆ ಎಂದೂ ನನಗೆ ಗೊತ್ತಿಲ್ಲ. ಹೋಗುತ್ತೇನೆ, ರತ್ನಾ.

ನಿನ್ನ
ಹನುಮಿ