ಕೆಂಪು ಹುಂಜ, ಬಿಳಿ ಹೇಂಟೆ

ಮನೆ, ಅಡುಗೆಮನೆಯ ಮೇಜು
ಶನಿವಾರ ಮಧ್ಯಾಹ್ನ

ಪ್ರೀತಿಯ ನಮ್ಮ ಮನೆಯವರಿಗೆ,

ಉಸಿರಾಟ ಹೇಗಿದೆ? ಮೆಟ್ಟಿಲು ಹತ್ತುವಾಗ ಈಗಲೂ ನಡುವೆ ನಿಲ್ಲಬೇಕೇ, ಅಥವಾ ಜಂಬಕ್ಕೆ ಒಂದೇ ಸಲ ಹತ್ತಿ ನರ್ಸಮ್ಮನ ಹತ್ತಿರ ಬೈಸಿಕೊಳ್ಳುತ್ತೀರೋ? ಆಸ್ಪತ್ರೆಯ ಊಟ ಸಪ್ಪೆ ಎಂದು ಬರೆದಿದ್ದೀರಿ. ನನ್ನ ಅಡುಗೆಗೂ ಇಷ್ಟು ವರ್ಷ ಅದನ್ನೇ ಹೇಳಿದ್ದೀರಿ, ಹಾಗಾಗಿ ಅಲ್ಲಿನ ಅಡುಗೆಯವರನ್ನು ನಾನು ದೂರುವುದಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾಲ್ಕು ಮಾತಿಗೆ ನಿಮಗೆ ಕೆಮ್ಮು ಬರುತ್ತದೆ, ಅದನ್ನು ಕೇಳಿ ನನಗೆ ಹೇಳಬೇಕಾದ್ದು ಮರೆತುಹೋಗುತ್ತದೆ. ಪತ್ರದಲ್ಲಾದರೆ ಇನ್ನೊಂದು ಅನುಕೂಲ, ನೀವು ನಡುವೆ ಬಾಯಿ ಹಾಕುವಂತಿಲ್ಲ. ಅತ್ತೆ ಗಟ್ಟಿಮುಟ್ಟಾಗಿದ್ದಾರೆ. ಮಗನ ಚಿಂತೆಯಲ್ಲಿ ಊಟವೇ ಸೇರುತ್ತಿಲ್ಲ ಎನ್ನುತ್ತಾರೆ, ಎರಡನೇ ಸಲ ಬಡಿಸಿಕೊಳ್ಳುತ್ತಾ ಎನ್ನುತ್ತಾರೆ.

ಅಲ್ಲಿಗೆ ಹೋದ ಹೊಸದರಲ್ಲಿ ನೀವು ಬರೆದ ಪತ್ರ ಈಗಲೂ ಸಕ್ಕರೆ ಡಬ್ಬಿಯ ಹಿಂದೆ ಇದೆ. ಪುಕ್ಕದ ಧೂಳು ಎದೆಯೊಳಗೆ ಕೂತಿದೆ, "ಕೋಳಿ ಬೇಕೋ ಉಸಿರು ಬೇಕೋ ನೀವೇ ಆರಿಸ್ಕೊಳ್ಳಿ" ಎಂದು ಡಾಕ್ಟರಮ್ಮ ಹೇಳಿದರು, ಆದ್ದರಿಂದ ಕೋಳಿ, ಗೂಡು, ಕಾವಿನ ಪೆಟ್ಟಿಗೆ ಎಲ್ಲವನ್ನೂ ಮಾರಿಬಿಡು ಎಂದು ಒಂದು ಸಾಲು. ಅದರ ಕೆಳಗೆ ಇಡೀ ಪುಟ, ಕೆಂಪು ಹುಂಜದ ಕಾಲಿನ ಗಾಯಕ್ಕೆ ಏನು ಹಚ್ಚಬೇಕು, ಹೇಗೆ ಕಟ್ಟಬೇಕು ಎಂದು. ಮಾರುವ ಹುಂಜಕ್ಕೆ ಯಾರಾದರೂ ಇಷ್ಟು ಉಪಚಾರ ಹೇಳುತ್ತಾರೆಯೇ? ಓದಿ ನಕ್ಕೆ, ಆಮೇಲೆ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಅಂದಿನಿಂದ ಪ್ರತಿ ಪತ್ರದಲ್ಲೂ ಮಾರಿದೆಯಾ ಎಂದು ಕೇಳುತ್ತೀರಿ, ನಾನು ಬಿಸಿಲು ಮಳೆಯ ಸಮಾಚಾರ ಬರೆಯುತ್ತೇನೆ. ಬರುವ ವಾರ ನಿಮ್ಮನ್ನು ಮನೆಗೆ ಬಿಡುತ್ತಾರಂತೆ. ಇನ್ನು ಬಿಸಿಲು ಮಳೆ ಸಾಲದು, ನಿಜ ಬರೆಯುತ್ತೇನೆ.

ವ್ಯಾಪಾರಿಯನ್ನು ಕರೆಸಿದ್ದೆ. ಗೂಡಿನ ಬಾಗಿಲಲ್ಲೇ ನಿಂತು, "ಬಣ್ಣಗಿಣ್ಣ ಕಟ್ಕೊಂಡು ನಂಗೇನಕ್ಕ, ಎಲ್ಲಾ ತಕ್ಕಡಿಗೆ ಹಾಕೋದೆ" ಎಂದ. ಮೊಟ್ಟೆಯಿಂದ ಹೊರಬಂದ ದಿನವೇ ಹೆಣ್ಣು ಯಾವುದು ಗಂಡು ಯಾವುದು ಎಂದು ಮೈಬಣ್ಣವೇ ಹೇಳಬೇಕೆಂದು, ವರ್ಷಗಟ್ಟಲೆ ಆರಿಸಿ ಆರಿಸಿ ನೀವು ಬೆಳೆಸಿದ ತಳಿ ತಕ್ಕಡಿಗೆ. ಇನ್ನೊಂದು ಸಲ ಮರಿ ಮಾಡಿಸಿ ಕೊಡುತ್ತೇನೆ, ಆಮೇಲೆ ಬಾ ಎಂದು ಕಳಿಸಿದೆ.

ಇಲ್ಲಿಂದ ಮುಂದೆ ನನ್ನ ಬುದ್ಧಿವಂತಿಕೆ. ಕೆಂಪು ಹುಂಜ ಕುಂಟುತ್ತಿತ್ತು, ಪಾಪ, ಒಂದು ಮೂಲೆಯಲ್ಲಿ ಕೂತಿರಲಿ ಎಂದು ಬಿಟ್ಟೆ. ಹೇಗೂ ನಿಮ್ಮ ಲೆಕ್ಕದಲ್ಲಿ ಬೇಕಾದ್ದು ಒಂದು ಕೆಂಪು, ಒಂದು ಬಿಳಿ. ಹಾಲಿಗೆ ಕಾಫಿ ಸುರಿದರೇನು, ಕಾಫಿಗೆ ಹಾಲು ಸುರಿದರೇನು ಎಂದುಕೊಂಡು ಬಿಳಿ ಹುಂಜವನ್ನು ಕೆಂಪು ಹೇಂಟೆಗಳ ಜೊತೆ ಬಿಟ್ಟೆ. ಮರಿಗಳು ಬಂದವು ನೋಡಿ, ಒಂದು ಬಿಡದೆ ಎಲ್ಲವೂ ತಿಳಿಹಳದಿ, ಬೆಳೆದು ಬಿಳಿಯಾಗುವ ಮರಿಗಳ ಬಣ್ಣ. ಪೆಟ್ಟಿಗೆಯ ಮುಚ್ಚಳ ಹಿಡಿದು ನಾನು ಒಂದು ಕಡೆ, ಅತ್ತೆ ಒಂದು ಕಡೆ, ಇಬ್ಬರೂ ಮುಖ ಮುಖ ನೋಡಿಕೊಂಡೆವು. "ಉದ್ದ ಮೊಟ್ಟೆದು ಗಂಡು, ದುಂಡು ಮೊಟ್ಟೆದು ಹೆಣ್ಣು, ನಾನು ಆಗ್ಲೇ ಬೇರೆ ಇಡು ಅಂದಿದ್ದೆ" ಎಂದರು ಅತ್ತೆ. ಆಗ ನಿಮ್ಮ ಹಳೆಯ ಪಾಠ ನೆನಪಾಯಿತು. ಬಿಳಿ ಹೇಂಟೆ ತನ್ನ ಬಿಳಿಯನ್ನು ಗಂಡುಮಕ್ಕಳಿಗೆ ಮಾತ್ರ ಕೊಡುತ್ತಾಳೆ, ಹೆಣ್ಣುಮಕ್ಕಳು ಕೆಂಪು ಅಪ್ಪನ ಬಣ್ಣ ಹೊತ್ತು ಬರುತ್ತಾರೆ. ಅದೇ ಅಪ್ಪ ಬಿಳಿಯಾದರೆ ಭೇದವಿಲ್ಲದೆ ಎಲ್ಲರಿಗೂ ಬಿಳಿ ಹಂಚಿಬಿಡುತ್ತಾನೆ. ನೀವು ಇದನ್ನು ಹೇಳುವಾಗ ನಾನು ಹೂಂಗುಟ್ಟುತ್ತಾ ಬೇರೇನೋ ಯೋಚಿಸುತ್ತಿದ್ದೆ ಎಂದು ಕಾಣುತ್ತದೆ.

ತಪ್ಪು ಮಾಡಿದ ಮೇಲೆ ಹೆಣ್ಣು ಗಂಡು ಬೇರೆ ಮಾಡದೆ ವಿಧಿಯಿಲ್ಲವಲ್ಲ. ಹಿಂದೆ ನೀವು ಮಾಡುತ್ತಿದ್ದಂತೆ ಒಂದೊಂದು ಮರಿಯನ್ನೂ ತಲೆಕೆಳಗೆ ಹಿಡಿದು, ಮೂಗಿನ ಹತ್ತಿರ ತಂದು, ಹಿಂಭಾಗವನ್ನು ಬಿಡಿಸಿ ನೋಡಲು ಕೂತೆ. ಅರ್ಧ ಪೆಟ್ಟಿಗೆ ಮುಗಿಯುವಷ್ಟರಲ್ಲಿ ಸೀನಿ ಸೀನಿ ಸಾಕಾಯಿತು, ನಾಲಿಗೆಯ ಮೇಲೆಲ್ಲ ಧೂಳು. ಈ ಬಣ್ಣದ ತಳಿ ಕೈಗೆ ಹತ್ತುವವರೆಗೆ ನೀವು ಎಷ್ಟು ವರ್ಷ ಹೀಗೆ ಮರಿಗಳ ಮೇಲೆ ಬಗ್ಗಿ ಕೂತಿದ್ದಿರಿ. ನಿಮ್ಮ ಎದೆಯೊಳಗೆ ಏನು ಹೋಯಿತು, ಹೇಗೆ ಹೋಯಿತು ಎಂದು ನನಗೆ ಅವತ್ತು ತಿಳಿಯಿತು. ಬಹಳ ಬೇಜಾರಾಯಿತು.

ಅಷ್ಟರಲ್ಲಿ ಕೆಂಪಣ್ಣನ ಕಾಲು ವಾಸಿಯಾಗಿತ್ತು. ಅವನನ್ನು ಬಿಳಿ ಹೇಂಟೆಗಳ ಕಡೆ ಬಿಟ್ಟು, ಬಿಳಿ ಹುಂಜವನ್ನು ಬೇರೆ ಕೂಡಿಹಾಕಿದೆ. ಬಿಳಿ ಹುಂಜ ಆಗಾಗ ತಡಿಕೆ ಹಾರಿ ಅವುಗಳ ಕಡೆ ಹೋಗಿಬಂದಿತ್ತು, ಅದರ ಗುರುತು ಮೊಟ್ಟೆಗಳಲ್ಲಿ ಉಳಿಯಬಾರದೆಂದು ಕೆಲವು ವಾರ ಒಂದು ಮೊಟ್ಟೆಯನ್ನೂ ಕಾವಿಗೆ ಇಡಲಿಲ್ಲ. ಎಲ್ಲ ಬಾಣಲೆಗೇ ಹೋದವು. ಅತ್ತೆಗೆ ಊಟ ಸೇರದಿದ್ದ ದಿನಗಳು ಅವೇ. ವ್ಯಾಪಾರಿ ಎರಡು ಸಲ ಬಂದ, ಎರಡು ಸಲವೂ ಚಹಾ ಕುಡಿಸಿ ಕಳಿಸಿದೆ. ನಿನ್ನೆ ಬೆಳಗ್ಗೆ ಪೆಟ್ಟಿಗೆ ತೆರೆದರೆ ಅರ್ಧ ತಿಳಿಹಳದಿ, ಅರ್ಧ ಇಟ್ಟಿಗೆಯ ಪುಡಿಯ ಬಣ್ಣ. ಕನ್ನಡಕ ಎಲ್ಲೋ ಇಟ್ಟು ಮರೆತಿದ್ದ ಅತ್ತೆ ಬಾಗಿಲಿನಿಂದಲೇ, "ಹೆಣ್ಣು, ಹೆಣ್ಣು, ಗಂಡು, ಹೆಣ್ಣು" ಎನ್ನತೊಡಗಿದರು. ನೀವು ನಮ್ಮ ಜೊತೆ ಅಲ್ಲಿ ಇರಬೇಕಿತ್ತು ಎಂದು ಎಷ್ಟು ಅನ್ನಿಸಿತು ಗೊತ್ತೇ?

ಬರುವಾಗ ಕಿಟಕಿಯ ಪಕ್ಕದ ಸೀಟು ಹಿಡಿಯಿರಿ, ಚೀಲ ನೀವು ಎತ್ತಬೇಡಿ. ನರ್ಸಮ್ಮನಿಗೂ ಡಾಕ್ಟರಮ್ಮನಿಗೂ ನನ್ನ ನಮಸ್ಕಾರ ತಿಳಿಸಿ. ನಿಮ್ಮ ತಲೆ ಸವರಿದ್ದೇನೆ ಎಂದು ಬರೆ ಎಂದಿದ್ದಾರೆ ಅತ್ತೆ, ಸವರಿದೆ ಎಂದುಕೊಳ್ಳಿ.

ನಿಮ್ಮ ದಾರಿ ನೋಡುತ್ತಿರುವ,
ಮನೆಯವಳು

ವಿ.ಸೂ.: ಅಂಚೆ ಹೋಗುವ ಹೊತ್ತಾಯಿತು. ಮುಖ್ಯ ವಿಷಯವನ್ನೇ ಬರೆದಿಲ್ಲ. ಕೋಳಿಗಳನ್ನು ಮಾರಿಲ್ಲ, ನಮ್ಮ ಹಿತ್ತಿಲಲ್ಲೂ ಅವು ಇಲ್ಲ. ರಸ್ತೆಯ ಆಚೆ ಹೊಲಿಗೆ ಅಕ್ಕನ ಖಾಲಿ ಶೆಡ್ಡಿಗೆ ಇವತ್ತು ಸಾಗಿಸಿದೆ. ನಮ್ಮ ಹಿತ್ತಿಲನ್ನು ಮೂರು ಸಲ ತೊಳೆದಾಯಿತು. ಶೆಡ್ಡಿನ ಕೆಲಸ ಪೂರ್ತಿ ನನ್ನದು, ಅಲ್ಲೇ ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಮನೆಗೆ ಬರುತ್ತೇನೆ. ಡಾಕ್ಟರಮ್ಮನಿಗೆ ಫೋನು ಮಾಡಿ ಕೇಳಿದ್ದೇನೆ, "ಅವರು ಒಳಗೆ ಮಾತ್ರ ಹೋಗ್ಬಾರ್ದು ಅಷ್ಟೇ" ಎಂದರು. ಶೆಡ್ಡಿನ ಕಿಟಕಿಗೆ ದೊಡ್ಡ ಗಾಜು ಹಾಕಿಸಿ ಸುತ್ತ ಸಂದಿ ಮುಚ್ಚಿಸಿದ್ದೇನೆ, ಹೊರಗೆ ನೆರಳಿನಲ್ಲಿ ನಿಮ್ಮ ಕುರ್ಚಿ ಇದೆ. ನಾನು ಒಳಗಿನಿಂದ ಒಂದೊಂದೇ ಮರಿ ಎತ್ತಿ ತೋರಿಸುತ್ತೇನೆ, ಹೆಣ್ಣಾದರೆ ಕೈ ಎತ್ತಿ, ಗಂಡಾದರೆ ಸುಮ್ಮನಿರಿ. ಬಣ್ಣ ನೋಡೋಕೆ ಮುಟ್ಟಬೇಕಾಗಿಲ್ಲ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದವರು ನೀವೇ ಅಲ್ಲವೇ?