ನೀಲಿಯ ತಲೆಯ ಸಿಕ್ಕು

ಜಕ್ಕಲಿ
28-1-2004

ಮಗಳು ಸುವರ್ಣಾಗೆ ನಿಮ್ಮವ್ವನ ಆಶೀರ್ವಾದ.

ನಾವೆಲ್ಲ ಅರಾಮ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಕಳಿಸಲಿಲ್ಲ, ಪತ್ರವನ್ನೂ ಬರೆಯಲಿಲ್ಲ ಎಂದು ಸಿಟ್ಟಾಗಬೇಡ. ಎಮ್ಮೆ ಕಾಲು ತುಳಿಯಿತು, ಪಟ್ಟಿ ಕಟ್ಟಿಸಿಕೊಂಡು ಕುಂತಿದ್ದೇನೆ. ನಿಮ್ಮಪ್ಪ ಮೊದಲು ಎಮ್ಮೆಯ ಕಾಲು ನೋಡಿ, ಆಮೇಲೆ ನನ್ನ ಕಾಲು ನೋಡಿದರು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳ ಅಕ್ಷರ, ಕೂಡಿಸಿಕೊಂಡು ಓದು.

ಇವತ್ತು ಮುಂಜಾನೆ ನಿಮ್ಮೂರು ಯಾವಗಲ್ಲಿನ ಕನಕಪ್ಪ ಶೇಂಗಾ ಹೊಟ್ಟು ಒಯ್ಯಲು ಟ್ರ್ಯಾಕ್ಟರ್ ತಂದ. ಚಹಾ ಕುಡಿಯುತ್ತ, "ಯಕ್ಕಾ, ನಿನ್ನ ಮೊಮ್ಮಗಳು ನೀಲಿ ತಲ್ಯಾಗ ಜಡಿ ಬಂದೈತಿ. ದೇವಿ ಬಂದಾಳಂತ ಅವರಜ್ಜಿ ಭಂಡಾರ ಹಚ್ಯಾಳ. ಈ ಹುಣ್ಣಿವಿಗೆ ಗುಡ್ಡಕ್ಕ ಒಯ್ದು ದೇವಿಗೆ ಬಿಡ್ತಾರಂತ" ಎಂದ.

"ಯಾವಾಗಿಂದ್ಲೋ?"

"ಜ್ವರಾ ಬಂದು ಮಲಗಿದ್ಲಲ್ಲ, ಅವಾಗಿಂದ."

ನನಗೆ ನಗು ಬರಲಿಲ್ಲ ಸುವರ್ಣಾ. ನನಗೇ ಬರಲಿಲ್ಲ ಅಂದರೆ ತಿಳಕೋ.

"ಹಣಿಗಿ ಮುಟ್ಟದ ಕೂದಲಾ ಗಂಟಾಗೂದು ಬಿಟ್ಟು ಹೂವಾಗತೈತೇನೋ? ಅದು ಜಡಿ ಅಲ್ಲೋ, ಸಿಕ್ಕು!" ಎಂದೆ.

"ನನಗ್ಯಾಕ ಬೈತಿ ಯಕ್ಕಾ? ನನ್ನ ತಲಿ ಬೋಳೈತಿ" ಎಂದ.

ಅವನು ಹೊಟ್ಟು ಹೇರುವುದರೊಳಗೆ ಇದನ್ನು ಬರೆದು ಅವನ ಕೈಯಲ್ಲೇ ಕೊಡಬೇಕು. ಲಕ್ಷ್ಯ ಕೊಟ್ಟು ಓದು.

ನಿನ್ನ ಕೂದಲು ನೂಲಿನಂತೆ ನೆಟ್ಟಗೆ. ಒಣಗಿದಾಗ ಬಾಚಿದರೂ ಜಾರುತ್ತದೆ. ನೀಲಿಯದು ಗುಂಗುರು. ಅದನ್ನು ಒಣ ಇದ್ದಾಗ ನೆತ್ತಿಯಿಂದ ಎಳೆದರೆ ಗಂಟು ಬಿಗಿಯುತ್ತದೆ, ಕೂಸು ಚೀರುತ್ತದೆ, ನೀನು ಕೈ ಬಿಡುತ್ತೀ. ಬಿಟ್ಟಷ್ಟೂ ಗಂಟು ದೊಡ್ಡದಾಗುತ್ತದೆ. ಮೇಲೆ ನಿಮ್ಮೂರ ಸವಳು ನೀರು, ಬಟ್ಟೆ ಸಾಬೂನು. ಅದರಲ್ಲಿ ತೊಳೆದರೆ ನಿಮ್ಮಪ್ಪನ ಮೀಸೆಗೂ ದೇವಿ ಬಂದಾಳು.

ಕತ್ತರಿ ಹಚ್ಚಬೇಡ, ನಿಮ್ಮತ್ತೆ ಎದೆ ಒಡೆದುಕೊಂಡಾಳು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಗಂಟು ನೆನೆಯುವ ಹಾಗೆ ಹಚ್ಚು. ನೆನೆಸಿ ರುಬ್ಬಿದ ಮೆಂತ್ಯವನ್ನು ದಾಸವಾಳದ ಎಲೆಯ ಲೋಳೆಯಲ್ಲಿ ಕಲಸಿ ಬಳಿ. ಹಸಿ ಇದ್ದಾಗಲೇ ಬೆರಳಿನಿಂದ ಬಿಡಿಸು. ತುದಿಯಿಂದ ಶುರು ಮಾಡಿ ಮೇಲೆ ಹೋಗು. ಬುಡದ ಕೂದಲು ಮುಷ್ಟಿಯಲ್ಲಿ ಹಿಡಿದಿರು, ಕೂಸಿಗೆ ನೋವಾಗುವುದಿಲ್ಲ. ಹೇನಿನ ಹಣಿಗೆ ಅಟ್ಟಕ್ಕೆ ಎಸೆ, ಅಗಲ ಹಲ್ಲಿನದು ತಗೋ. ಒಂದೇ ದಿನಕ್ಕೆ ಬಿಡುವುದಿಲ್ಲ. ಕಥೆ ಹೇಳುತ್ತ ದಿನಾ ಒಂದಿಷ್ಟು ಬಿಡಿಸು. ತೊಳೆಯಲು ಕೆರೆಯ ಸಿಹಿನೀರು ತರಿಸು.

ನಿಮ್ಮತ್ತೆ ಕೆಟ್ಟವಳಲ್ಲ. ಗಂಟು ಮುಟ್ಟಿದರೆ ಮೊಮ್ಮಗಳಿಗೆ ಕೇಡಾದೀತೆಂದು ಹೆದರಿದ್ದಾಳೆ. ಮೊದಲ ಎಣ್ಣೆ ಅವಳ ಕೈಯಿಂದಲೇ ಹಚ್ಚಿಸು. "ಖರೇ ದೇವಿ ಇದ್ರ ಎಣ್ಣಿಗೆ ಹೋಗೂದಿಲ್ರಿ ಅತ್ತಿ, ಬರೇ ಸಿಕ್ಕು ಇದ್ರ ಉಳಿಯೂದಿಲ್ಲ" ಎನ್ನು. ಅದಕ್ಕೂ ಒಪ್ಪದಿದ್ದರೆ ನೀಲಿಯನ್ನು ಕರಕೊಂಡು ಬಸ್ಸು ಹತ್ತು. ನನ್ನ ಕಾಲು ಕೂತಿದೆ, ಕೈ ಕೂತಿಲ್ಲ. ಅಳಿಯಂದಿರು ಬೈದರೆ ನನಗೆ ಬೈಯಲಿ. ಹುಣ್ಣಿಮೆಯ ತನಕ ಮಾತ್ರ ಕಾಯಬೇಡ.

ನಿನ್ನ ಹೊಟ್ಟೆ ತಣ್ಣಗಿರಲಿ. ನೀಲಿ ಹೂ ಮುಡಿದು ಸಾಲಿಗೆ ಹೋಗಲಿ.

ನಿಮ್ಮವ್ವ
ಗೌರವ್ವ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯವಾಗಲಿಲ್ಲ. ವರ್ಷಕ್ಕೊಮ್ಮೆ ಜಡೆ ಹೊತ್ತು, ದೇವಿಯ ಬುಟ್ಟಿ ಹಿಡಿದು ನಮ್ಮ ಬಾಗಿಲಿಗೆ ಬರುತ್ತಾಳಲ್ಲ, ನಿನ್ನ ದೊಡ್ಡವ್ವ ಬಾಳವ್ವ, ಅವಳದೂ ಗುಂಗುರು ಕೂದಲೇ. ನೀಲಿಯಷ್ಟಿದ್ದಾಗ ಹೀಗೇ ಜ್ವರದಲ್ಲಿ ಗಂಟಾಗಿತ್ತು. ನಮ್ಮ ಮನೆಯಲ್ಲಿ ಯಾರೂ ಎಣ್ಣೆ ಹಚ್ಚಲಿಲ್ಲ, ದೇವಿಗೆ ಬಿಟ್ಟರು. ಅವಳಿಗೆ ಲಗ್ನವೂ ಆಗಲಿಲ್ಲ, ಮನೆಯೂ ಆಗಲಿಲ್ಲ. ಹೋದ ಸಲ ಬಂದಾಗ ಎಣ್ಣೆಯ ಬಟ್ಟಲು ತಂದು, "ಕುಂದ್ರ ಯಕ್ಕಾ, ಬಿಡಸ್ತೇನಿ" ಎಂದೆ. ನನ್ನ ಕೈ ಹಿಡಿದುಕೊಂಡು ಹೇಳಿದಳು: "ಬ್ಯಾಡ ಗೌರಿ. ಈಗ ಬಿಡಿಸಿಕೊಂಡು ಯಾರ ಮನಿಗೆ ಹೋಗ್ಲಿ?"