ಮೂರು ಗಂಟೆಯ ಸಿಳ್ಳೆ

ಅಕ್ಟೋಬರ್ 5, 1974. ಶನಿವಾರ

ಮತ್ತೆ ಆರಕ್ಕೇ ಎಚ್ಚರ. ಇಲ್ಲಿ ಎಬ್ಬಿಸುವ ಗಂಟೆ ಇಲ್ಲ. ಆದರೂ ಇಂಗ್ಲೆಂಡಿನ ಏಳು ವರ್ಷದ ಹಾಸ್ಟೆಲ್ ಗಂಟೆ ತಲೆಯೊಳಗೇ ಹೊಡೆದುಕೊಳ್ಳುತ್ತದೆ. ಹಾಸಿಗೆ ಸರಿ ಮಾಡಿದೆ. ಸರಿಯಾಗಿಲ್ಲ ಅನ್ನಿಸಿ ಬಿಚ್ಚಿ ಮತ್ತೆ ಮಾಡಿದೆ. ಯಾರು ನೋಡುತ್ತಾರೆ ಅಂತ ಗೊತ್ತಿಲ್ಲ.

ಕಾಲೇಜು ಸೇರಿ ಐದು ವಾರ. ತಾವಾಗಿ ಮಾತಾಡಿಸಿದವರು ನಾಲ್ವರು. ಅದರಲ್ಲಿ ಮೂವರು ಹೇಳಿದ್ದು ಒಂದೇ — "ಇನ್ನೊಂದ್ಸಲ ಹೇಳೇ, ನೀನು ಮಾತಾಡೋದು ಕೇಳೋಕೆ ಮಜಾ." ಅಮ್ಮ ಇಂಗ್ಲೆಂಡಿನವಳು, ಅಪ್ಪ ಇದೇ ಅಲಬಾಮದವನು. ಅಲ್ಲಿ ನಾನು ಅಮೆರಿಕದ ಹುಡುಗಿ. ಇಲ್ಲಿ ಇಂಗ್ಲೆಂಡಿನ ಹುಡುಗಿ. ಎರಡು ಕಡೆಯೂ ಅರ್ಧರ್ಧ.

ಶನಿವಾರ ಮಾತ್ರ ಪೂರ್ತಿ. ಎಂಟರ ಬಸ್ಸು ಹಿಡಿದರೆ ಒಂಬತ್ತಕ್ಕೆ ಯೂಲಾ ಅತ್ತೆಯ ಮನೆ. ಅಪ್ಪನ ಅಕ್ಕ. ಅಪ್ಪ ತೀರಿಹೋದಾಗ ನನಗೆ ನಾಲ್ಕು ವರ್ಷ. ಆಮೇಲೆ ಪ್ರತಿ ಕ್ರಿಸ್‌ಮಸ್‌ಗೂ ಹಾಸ್ಟೆಲಿಗೆ ಅಕ್ರೋಟಿನಂಥ ಪೆಕಾನ್ ಕಾಯಿಯ ಡಬ್ಬಿ ಕಳಿಸಿದವಳು ಅವಳೊಬ್ಬಳೇ.

ಅದೇ ದಿನ, ಸಂಜೆ

ಇವತ್ತು ಒಂದು ಸುದ್ದಿ. ನಿಧಾನವಾಗಿ ಬರೆಯಬೇಕು.

ಅತ್ತೆಯ ಮಗ ವೆರ್ಲನ್ ಹಾಡುತ್ತಾನೆ, ಗಿಟಾರ್ ಹೊಡೆಯುತ್ತಾನೆ. ಹೊಡೆಯುತ್ತಾನೆ ಅನ್ನುವುದೇ ಸರಿ. ಇನ್ನೊಂದು ಗಿಟಾರು ಅವನ ಗೆಳೆಯ ಲೋಂಜೊನದು; ಬೆರಳಿಗೆ ಸ್ಪಾನರ್‌ನ ಕೊಳವೆಯಂಥ ಸಾಕೆಟ್ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸುತ್ತಾನೆ, ಗಿಟಾರ್ ಮನುಷ್ಯರ ಹಾಗೆ ಅಳುತ್ತದೆ, ಬೈಯುತ್ತದೆ. ಬಾಸ್‌ಗೆ ಡೂಲಿ, ಡ್ರಮ್‌ಗೆ ಅವನ ತಮ್ಮ. ನಾಲ್ವರೂ ಹತ್ತಿ ಮಿಲ್ಲಿನಲ್ಲಿ ಮಧ್ಯಾಹ್ನ ಮೂರರಿಂದ ಹನ್ನೊಂದರ ಪಾಳಿ. ಅದಕ್ಕೇ ಬ್ಯಾಂಡಿನ ಹೆಸರು ಸೆಕೆಂಡ್ ಶಿಫ್ಟ್. ಪ್ರಾಕ್ಟೀಸ್ ಬೆಳಿಗ್ಗೆ, ಅತ್ತೆಯ ಮನೆಯ ಮುಂದಿನ ಕೋಣೆಯಲ್ಲಿ. ಅಲ್ಲೊಂದು ಹಳೆಯ ಪಿಯಾನೋ, ಮಾವನ ಕಾಲದ್ದು. ಅದಕ್ಕೆ ನಾನು.

ವೆರ್ಲನ್ ಯಾವಾಗಲೂ ಅನ್ನುವುದು — "ಹೆಟ್ಟಿ, ಟೀಚರಮ್ಮನ ತರ ಬಾರಿಸ್ಬೇಡ. ಪಿಯಾನೋಗೆ ಸಿಟ್ಟು ಬರ್ಸು."

ಸುದ್ದಿ ಏನೆಂದರೆ ರೆಕಾರ್ಡು! ಪೂರಾ ಆಲ್ಬಮ್, ಹತ್ತು ಹಾಡು. ನದಿಯ ಈಚೆ, ಮಿಲ್ಲಿನ ಎದುರು ದಡದಲ್ಲಿ, ಗ್ಯಾಸ್ಕಿನ್ ಅನ್ನುವವರ ಸ್ಟುಡಿಯೋ. ಹಿಂದೆ ಶವಪೆಟ್ಟಿಗೆ ಮಾರುತ್ತಿದ್ದ ಅಂಗಡಿ. ಹದಿನಾಲ್ಕರಿಂದ ಮೂರು ದಿನ. ಅಷ್ಟು ದಿನ ಅವರು ಮಿಲ್ಲಿಗೆ ರಜೆ, ನಾನು ಕಾಲೇಜಿಗೆ. ನಾಲ್ಕನೇ ದಿನ ಬೇರೆಯವರಿಗೆ. ರೆಕಾರ್ಡ್ ಕಂಪನಿಗೆ ಟೇಪು ಒಪ್ಪಿಗೆಯಾದರೆ ಡಿಸ್ಕ್, ಇಲ್ಲದಿದ್ದರೆ ಅಷ್ಟೇ.

ವೆರ್ಲನ್‌ಗೆ ಇಪ್ಪತ್ತೊಂಬತ್ತು. ಮಿಲ್ಲಿನವರು ಹಗಲು ಪಾಳಿಯ ಮೇಸ್ತ್ರಿ ಕೆಲಸ ಕೊಡುತ್ತೇವೆ ಅಂದಿದ್ದಾರೆ. ಹದಿನೈದನೇ ತಾರೀಖಿನೊಳಗೆ ಹೂಂ ಅಥವಾ ಊಹೂಂ.

"ಇದು ಆಗ್ಲಿಲ್ಲ ಅಂದ್ರೆ ಹೂಂ ಅಂತೀನಿ. ಗಿಟಾರು ಡೂಲಿ ಮಗಂಗೆ."

ನಕ್ಕೊಂಡೇ ಅಂದ. ಅತ್ತೆ ನಗಲಿಲ್ಲ.

ಅಕ್ಟೋಬರ್ 12. ಶನಿವಾರ

ಗ್ಯಾಸ್ಕಿನ್‌ರ ಪಿಯಾನೋ ಹಲ್ಲುದುರಿದ ಮುದುಕನಂತಿದೆಯಂತೆ. ನಮ್ಮದನ್ನೇ ತನ್ನಿ ಅಂದರಂತೆ. ಸೋಮವಾರ ಬೆಳಿಗ್ಗೆ ಲಾರಿ.

ಆದರೆ ನಮ್ಮದು ಶ್ರುತಿ ತಪ್ಪಿದೆ! ಸ್ವಲ್ಪ ಅಲ್ಲ. ಹತ್ತಿರ ಹತ್ತಿರ ಅರ್ಧ ಸ್ವರ ಇಳಿದು ಕೂತಿದೆ. ಸ್ಕೂಲಿನ ಗಾಯನಮೇಳದಲ್ಲಿ ಏಳು ವರ್ಷ ನಿಂತವಳು ನಾನು. ನನ್ನ ಹತ್ತಿರ ಟ್ಯೂನಿಂಗ್ ಫೋರ್ಕ್ ಇದೆ, ತಟ್ಟಿದರೆ ಸರಿಯಾದ ಸ್ವರ ಕೊಡುವ ಕವಲು ಕಡ್ಡಿ; ತಂತಿ ಬಿಗಿಯುವ ಕೀಲಿಯೂ ಇದೆ, ಎರಡೂ ಬೀಳ್ಕೊಡುವಾಗ ಸಂಗೀತದ ಮೇಡಂ ಕೊಟ್ಟಿದ್ದು. ಸ್ಕೂಲಿಗೆ ಬರುತ್ತಿದ್ದ ಕುರುಡು ತಾತ ಪಿಯಾನೋ ಬಿಗಿಯುವಾಗ ಪಕ್ಕದಲ್ಲಿ ಕೀಲಿ ಹಿಡಿದು ಕಲಿತಿದ್ದೇನೆ.

ಫೋರ್ಕ್ ತೋರಿಸಿದರೆ ಲೋಂಜೊ — "ಇದ್ರಲ್ಲಿ ಏನ್ ತಿಂತೀರಮ್ಮಾ ನಿಮ್ಮೂರಲ್ಲಿ?"

ಅತ್ತೆಯನ್ನು ಅಡುಗೆಮನೆಯಲ್ಲಿ ಕೇಳಿದೆ. ಬಟರ್‌ಬೀನ್ಸ್ ಬಿಡಿಸುತ್ತಿದ್ದಳು. "ಅತ್ತೆ, ನಾಳೆ ನೀವು ಚರ್ಚಿಗೆ ಹೋದಾಗ ಪಿಯಾನೋ ಸರಿ ಮಾಡ್ಲಾ? ಲಾರಿ ಬರೋಕ್ಮುಂಚೆ?"

ಅತ್ತೆ ಕೈ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ತಲೆ ಒಂದಿಷ್ಟು ಓರೆ ಮಾಡಿ, ನಕ್ಕು — "ಅಯ್ಯೋ, ನಿನ್ ಹೊಟ್ಟೆ ತಣ್ಣಗಿರ್ಲಿ ಕಣೇ."

ಇಷ್ಟು ವರ್ಷದಲ್ಲಿ ಯಾರೂ ನನಗೆ ಹಾಗೆ ಹರಸಿರಲಿಲ್ಲ. ಹಿತ್ತಿಲಿಗೆ ಹೋಗಿ ಸ್ವಲ್ಪ ಅತ್ತೆ. (ಅಳುವುದೂ ಅತ್ತೆ, ಅತ್ತೆಯೂ ಅತ್ತೆ. ಇವತ್ತು ಎರಡೂ ಒಂದೇ.)

ಅಕ್ಟೋಬರ್ 13. ಭಾನುವಾರ

ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ. ಇವತ್ತು ಚರ್ಚಿನ ಅಂಗಳದಲ್ಲೇ ಎಲ್ಲರ ಊಟ, ಅತ್ತೆ, ವೆರ್ಲನ್ ಬರುವುದು ತಡವೆಂದು ಗೊತ್ತಿತ್ತು. ಒಂದು ತಂತಿ ಕಿತ್ತುಬಂದು ಕೆನ್ನೆಗೆ ಹೊಡೆಯಿತು. ಗೀರು. ಚಿಂತೆಯಿಲ್ಲ. ಪಿಯಾನೋ ಈಗ ಫೋರ್ಕಿನ ಜೊತೆ ಒಂದೇ ಉಸಿರು.

ಯಾರಿಗೂ ಹೇಳಲಿಲ್ಲ. ನಾಳೆ ಅವರೇ ಕೇಳಿಸಿಕೊಳ್ಳಲಿ. ಋಣ ತೀರಿಸಲು ನನ್ನ ಕೈಲಿ ಇರುವುದು ಇಷ್ಟೇ.

ಅಕ್ಟೋಬರ್ 14. ಸೋಮವಾರ

ಏನೋ ಆಗಿದೆ.

ಪಿಯಾನೋ ಇಳಿಸಿದರು. ಎಲ್ಲರೂ ಅದಕ್ಕೇ ಶ್ರುತಿ ಮಾಡಿಕೊಂಡರು, ಎಂದಿನಂತೆ. ಲೋಂಜೊಗೆ ಎರಡು ತಂತಿ ಪಟ್ ಪಟ್ ಅಂತ ಹೋದವು. "ಹೊಸ ತಂತಿ ಕಣ್ರೋ, ಹೊಸ ಸೊಸೆ ತರ, ಬಿಗ್ಯೋ ಬಿಗಿ," ಅಂದ. ಎಲ್ಲರೂ ನಕ್ಕರು.

ಆಮೇಲೆ ಯಾರೂ ನಗಲಿಲ್ಲ. ಮೊದಲ ಹಾಡು — ಹದಿನಾಲ್ಕು ಸಲ. ಮೇಲಿನ ಸಾಲಿಗೆ ಬಂದಾಗಲೆಲ್ಲ ವೆರ್ಲನ್‌ನ ಗಂಟಲು ಒಡೆಯುತ್ತದೆ. ಲೋಂಜೊನ ಗಿಟಾರು ಅಳುವುದಿಲ್ಲ, ಕಿರುಚುತ್ತದೆ. ಸಡಿಲ ತಂತಿಯ ಗುರುಗುಟ್ಟುವಿಕೆ ಇತ್ತಲ್ಲ, ಅದು ಎಲ್ಲೂ ಇಲ್ಲ.

ಗ್ಯಾಸ್ಕಿನ್ ಗಾಜಿನಾಚೆಯಿಂದ — "ಹುಡುಗ್ರಾ, ತಪ್ಪೇನಿಲ್ಲ. ಒಗ್ದು, ಗಂಜಿ ಹಾಕಿ, ಇಸ್ತ್ರಿ ಮಾಡಿದ್ದೀರ. ನಾನು ಕ್ಲಬ್ಬಲ್ಲಿ ಕೇಳಿದ್ದು ಕೊಳೆ ಬಟ್ಟೆ. ಅದೆಲ್ಲಿ?"

ನನಗೆ ಗೊತ್ತು. ಹದಿನಾಲ್ಕನೇ ಸಲವೇ ಗೊತ್ತಾಯಿತು. ಬಾಯಿ ಬರಲಿಲ್ಲ.

ಅಕ್ಟೋಬರ್ 15. ಬೆಳಿಗ್ಗೆ 5

ನಿದ್ದೆ ಇಲ್ಲ. ಹಾಸ್ಟೆಲಿನಲ್ಲಿ ಒಂದು ಪಾಠ ಚೆನ್ನಾಗಿ ಕಲಿಸಿದ್ದರು — ಒಡೆದದ್ದು ಯಾರು ಅಂತ ಕೇಳಿದರೆ ನೆಲ ನೋಡು. ಆದರೆ ಇಲ್ಲಿ ಯಾರೂ ಕೇಳುತ್ತಲೇ ಇಲ್ಲ. ವೆರ್ಲನ್ ತನ್ನ ಗಂಟಲನ್ನೇ ಬೈದುಕೊಳ್ಳುತ್ತಿದ್ದಾನೆ. ಜೇನು, ನಿಂಬೆರಸ, ಬಿಸಿನೀರು. ಹೇಳಿಬಿಟ್ಟರೆ ಶನಿವಾರಗಳು ಹೋಗುತ್ತವೆ. ಮುಂದಿನ ಕೋಣೆ, ಅತ್ತೆ, ಎಲ್ಲ.

ಅಕ್ಟೋಬರ್ 15. ಸಂಜೆ

ಬರೆಯುತ್ತೇನೆ, ಮರೆಯುವ ಮುಂಚೆ. ಮರೆಯುವುದಿಲ್ಲ. ಆದರೂ.

ಬೆಳಿಗ್ಗೆ ಮತ್ತೆ ಒಂಬತ್ತು ಸಲ. ಒಂದೂ ಆಗಲಿಲ್ಲ. ಹನ್ನೆರಡೂವರೆಗೆ ವೆರ್ಲನ್ ಗಿಟಾರಿನ ವೈರ್ ಕಿತ್ತ. ಪೆಟ್ಟಿಗೆಗೆ ಇಟ್ಟ. ಚಿಲಕ ಹಾಕಿದ.

"ಗಂಟಲು ಹೋಯ್ತು ಕಣ್ರೋ. ಹತ್ತು ವರ್ಷ ಹತ್ತಿ ಧೂಳು ಕುಡಿದ್ರೆ ಇನ್ನೇನಾಗುತ್ತೆ. ಮಿಲ್ಲಿಗೆ ಫೋನ್ ಮಾಡ್ತೀನಿ. ಇವತ್ತೇ ಕೊನೇ ದಿನ ಅಲ್ವಾ."

ಫೋನು ಗೋಡೆಯ ಮೇಲೆ, ನನ್ನ ಸ್ಟೂಲಿನ ಪಕ್ಕದಲ್ಲೇ. ಅವನು ಡಯಲಿಗೆ ಬೆರಳು ಹಾಕಿದ. ಒಂದು ಅಂಕಿ ತಿರುಗಿಸಿದ. ಎರಡು.

"ಪಿಯಾನೋ ನಾನು ಏರಿಸ್ದೆ," ಅಂದೆ.

"ಏನು?"

"ಭಾನುವಾರ. ಅರ್ಧ ಸ್ವರ. ಫೋರ್ಕಿಗೆ ಸರಿಯಾಗಿ. ನೀವೆಲ್ಲ ಅದಕ್ಕೇ ಶ್ರುತಿ ಮಾಡ್ಕೊಂಡ್ರಿ... ನಿನ್ ಗಂಟಲಿಗೆ ಏನೂ ಆಗಿಲ್ಲ ವೆರ್ಲನ್. ಹಾಡೇ ಮೇಲೆ ಹೋಗಿದೆ."

ಡೂಲಿಯ ತಮ್ಮ ಕೋಲು ಬೀಳಿಸಿದ.

"ಯಾರನ್ನ ಕೇಳಿ ಮಾಡ್ದೆ?" ವೆರ್ಲನ್‌ನ ದನಿ ತಣ್ಣಗಿತ್ತು.

"ಅತ್ತೆನ. ಅತ್ತೆ ಒಪ್ಪಿದ್ರು."

"ಅಮ್ಮ? ಆ ಪಿಯಾನೋ ಮೇಲೆ ಹೂಜಿ ಇಡೋಕೂ ಬಿಡಲ್ಲ ಅಮ್ಮ. ಏನಂದ್ಳು? ಅವ್ಳು ಅಂದಿದ್ದು ಅಂದಂಗೇ ಹೇಳು."

"ನಿನ್ ಹೊಟ್ಟೆ ತಣ್ಣಗಿರ್ಲಿ ಕಣೇ, ಅಂದ್ರು."

ಮೊದಲು ಲೋಂಜೊ. ಗಿಟಾರ್ ತಬ್ಬಿಕೊಂಡು ನೆಲಕ್ಕೇ ಕೂತ. ಆಮೇಲೆ ಡೂಲಿ. ಗಾಜಿನಾಚೆ ಗ್ಯಾಸ್ಕಿನ್ ತಲೆ ಮೇಜಿಗೆ ಇಟ್ಟು ನಗುತ್ತಿದ್ದರು, ಸದ್ದು ಕೇಳದು, ಭುಜ ಮಾತ್ರ ಕುಣಿಯುತ್ತಿತ್ತು.

ಲೋಂಜೊ ಕಣ್ಣೊರೆಸಿಕೊಂಡು — "ತಾಯೀ, ನಮ್ ಕಡೆ ಹೆಂಗಸ್ರು ಹಂಗಂದ್ರೆ ಹರಸಿದ್ರು ಅಂತಲ್ಲಮ್ಮ. 'ಎಂಥಾ ಪೆದ್ದೀನೇ ನೀನು, ಸುಮ್ನೆ ಕೂತ್ಕೋ' ಅಂತ! ಮಿಸ್ ಯೂಲಾ ನಂಗೆ ವಾರಕ್ಕೆ ಮೂರ್ಸಲ ಅಂತಾರೆ. ನನ್ ಹೊಟ್ಟೆ ಇಷ್ಟೊತ್ತಿಗೆ ಐಸ್ ಆಗಿರ್ಬೇಕಿತ್ತು!"

ಕಿವಿ ಸುಟ್ಟುಹೋಯಿತು. ಹಿತ್ತಿಲಲ್ಲಿ ಅತ್ತದ್ದು ನೆನಪಾಯಿತು. ಬಾಗಿಲು ಎಷ್ಟು ದೂರ ಅಂತ ಲೆಕ್ಕ ಹಾಕಿದೆ.

ವೆರ್ಲನ್ ನಗಲಿಲ್ಲ. ಹತ್ತಿರ ಬಂದ. ನನ್ನ ಕೆನ್ನೆಯ ಗೀರು ನೋಡಿದ. "ಹಂಗಾದ್ರೆ... ನನ್ ಗಂಟಲು ಚೆನ್ನಾಗೇ ಇದೆ?"

"ಇದೆ."

"ಆಣೆ?"

"ಆಣೆ."

ಅವನು ಮುಖ ಆಚೆ ತಿರುಗಿಸಿಕೊಂಡ. ಆಮೇಲೆ ಫೋನ್ ಎತ್ತಿ ಮಿಲ್ಲಿಗಲ್ಲ, ಮನೆಗೆ ಮಾಡಿದ. ಅತ್ತೆಯ ದನಿ ನಮಗೆಲ್ಲ ಕೇಳುವಷ್ಟು ದೊಡ್ಡದು.

"ಅಮ್ಮಾ, ಪಿಯಾನೋ ಮೊದ್ಲು ಯಾವ್ ಶ್ರುತೀಲಿತ್ತು? ಅಪ್ಪ ಯಾವ್ದಕ್ಕೆ ಕಟ್ಟಿದ್ದ?"

"ಯಾವ್ದಕ್ಕೆ ಅಂದ್ರೆ? ಮಿಲ್ ಸಿಳ್ಳೆಗೆ ಕಣೋ. ನಿಮ್ಮಪ್ಪನ ಹತ್ರ ಇನ್ನೇನಿತ್ತು? ಮೂರರ ಸಿಳ್ಳೆ ಆಗೋವರ್ಗೂ ಕಾಯೋದು, ಒಂದು ತಂತಿ ಬಿಗಿಯೋದು, ಕೆಲ್ಸಕ್ಕೆ ಓಡೋದು. ತಿಂಗಳು ಹಿಡೀತು. ಯಾಕೋ?"

"ಏನಿಲ್ಲ ಬಿಡು."

"ಹೆಟ್ಟಿ ಏನಾರ ಮಾಡಿದ್ಳಾ?"

ವೆರ್ಲನ್ ನನ್ನ ಕಡೆ ನೋಡಿದ. "ಇಲ್ಲಮ್ಮ. ಒಳ್ಳೇದೇ ಮಾಡಿದ್ಳು."

ಹುಟ್ಟಿದಾಗಿನಿಂದ ಅವರೆಲ್ಲರ ಕಿವಿಯಲ್ಲಿ ಇದ್ದದ್ದು ಆ ಸಿಳ್ಳೆ. ಅವರ ಹಾಡು, ಬೈಗುಳ, ಜೋಗುಳ, ಎಲ್ಲ ಅದರ ಮೇಲೇ ಕೂತಿತ್ತು. ನಾನು ಅದನ್ನು ತಪ್ಪು ಅಂದುಕೊಂಡಿದ್ದೆ.

ಗಂಟೆ ಎರಡೂಮುಕ್ಕಾಲು. ಗ್ಯಾಸ್ಕಿನ್ ಹಿಂಬಾಗಿಲು ತೆಗೆದು ಮೈಕನ್ನು ನದಿಯ ಕಡೆ ತೂಗುಹಾಕಿದರು. "ಟೇಪಲ್ಲಿ ಹಿಡಿದ್ರೆ ತಿಂಗಳುಗಟ್ಲೆ ಕಾಯ್ಬೇಕಾಗಿಲ್ಲ ನೋಡಿ." ನಾನು ಕೀಲಿ ಹಿಡಿದು ಪಿಯಾನೋ ಪಕ್ಕ. ಲೋಂಜೊ ಸ್ಪಾನರ್ ಹಿಡಿದು ಇನ್ನೊಂದು ಪಕ್ಕ. ಎಲ್ಲರೂ ಕೈಗಡಿಯಾರ ನೋಡುತ್ತಿದ್ದರು. ಆಚೆ ದಡದಲ್ಲಿ ಹಕ್ಕಿಯೂ ಇಲ್ಲ.

ಬಂತು. ನೀರಿನ ಮೇಲೆ ಉದ್ದಕ್ಕೆ. ತಂತಿ ಇಳಿಸಿದೆ, ಇನ್ನಷ್ಟು, ಇನ್ನಷ್ಟು... ಎರಡು ಸ್ವರ ಒಂದಕ್ಕೊಂದು ಒದ್ದಾಡಿ, ಒದ್ದಾಡಿ, ಸುಮ್ಮನಾದವು.

"ಸಿಕ್ತು!" ಅಂತ ಕೂಗಿಬಿಟ್ಟೆ. ಸ್ಟುಡಿಯೋದಲ್ಲಿ ಕೂಗಬಾರದು. ಗೊತ್ತು.

ಟೇಪು ಮತ್ತೆ ಮತ್ತೆ ಹಾಕಿಸಿಕೊಂಡು ಏಳರವರೆಗೆ ಕೂತೆವು. ಪಿಯಾನೋದ ಎಂಬತ್ತೆಂಟು ಕೀಗಳೂ ಅಲ್ಲ, ನಡುವಿನ ನಲವತ್ತು ಇಳಿಸಿದರೆ ಸಾಕು. ಮಿಲ್ಲಿಗೆ ಯಾರೂ ಫೋನ್ ಮಾಡಲಿಲ್ಲ.

ಅಕ್ಟೋಬರ್ 16. ಬುಧವಾರ

ಹತ್ತು ಹಾಡು. ಒಂದೇ ದಿನ. ಆರು ಹಾಡು ಮೊದಲನೇ ಸಲಕ್ಕೇ!! ಗಿಟಾರು ಮತ್ತೆ ಗುರುಗುಟ್ಟಿತು. ವೆರ್ಲನ್ ಮೇಲಿನ ಸಾಲಿಗೆ ಹೋಗಿ ಅಲ್ಲೇ ನಿಂತ, ಕೆಳಗಿಳಿಯುವ ಅವಸರವೇ ಇಲ್ಲದವನಂತೆ. ನಾನು ಪಿಯಾನೋಗೆ ಸಿಟ್ಟು ಬರಿಸಿದೆ. ಉಗುರು ಮುರಿಯಿತು.

ಸಂಜೆ ಅತ್ತೆ ಕರಿದ ಮೀನು, ಮೆಕ್ಕೆಜೋಳದ ಬ್ರೆಡ್ಡು ಹೊತ್ತು ಬಂದಳು. ಎಲ್ಲ ಹೇಳಿದೆ. ಅವಳು ತಟ್ಟೆಗೆ ಮೀನು ಹಾಕುತ್ತಲೇ ಇದ್ದಳು.

"ತಪ್ಪು ನಂದೂ ಇದೆ ಮಗಾ. ಬೇಡ ಅಂತ ಬಾಯ್ಬಿಟ್ಟು ಹೇಳ್ಬೇಕಿತ್ತು. ನಮ್ಮೂರಲ್ಲಿ ಬೇಡ ಅನ್ನೋ ಮಾತು ಯಾರ್ಗೂ ಬರಲ್ಲ. ನಿಮ್ಮಪ್ಪಂಗೂ ಬರ್ತಿರ್ಲಿಲ್ಲ." ಆಮೇಲೆ — "ತಿನ್ನು. ಮುಳ್ಳು ನೋಡ್ಕೊಂಡು."

ಶನಿವಾರ ಬರಲಾ ಅಂತ ಕೇಳಬೇಕಿತ್ತು. ಕೇಳುವ ಮುಂಚೆಯೇ ಅಂದಳು, "ಶನಿವಾರ ಬರೋವಾಗ ಬಸ್‌ಸ್ಟಾಪ್ ಹತ್ರ ಐಸ್ ತಗೊಂಡ್ಬಾ."

ಮಾರ್ಚ್ 15, 1975. ಶನಿವಾರ

ಐದು ತಿಂಗಳು ಇದನ್ನು ಬಿಚ್ಚಲಿಲ್ಲ. ಚಿಂತೆ ಇದ್ದಾಗ ಮಾತ್ರ ಬರೆಯುವ ಅಭ್ಯಾಸ, ಕೆಟ್ಟದ್ದು. ಇವತ್ತು ಬಸ್ಸು ತಪ್ಪಿಸಿಕೊಂಡೆ. ಬೇಕೆಂದೇ.

ಪಾರ್ಸೆಲ್ ಬಂದಿದೆ. ಕಂಪನಿ ಒಪ್ಪಿದ ನಮ್ಮ ರೆಕಾರ್ಡು! ಮುಖಪುಟದಲ್ಲಿ ನಾಲ್ವರು ಮಿಲ್ಲಿನ ಗೇಟಿಗೆ ಒರಗಿ ಕೂತಿದ್ದಾರೆ, ಯಾರ ಮುಖದಲ್ಲೂ ನಗುವಿಲ್ಲ, ಡೂಲಿಯ ಷೂ ಲೇಸು ಬಿಚ್ಚಿದೆ. ಹಿಂಬದಿ ಹತ್ತು ಹಾಡಿನ ಹೆಸರು. ಪಿಯಾನೋ — ಹೆಸ್ಟರ್ ಟ್ಯಾಕೆಟ್. ನಾನು. ಪೂರ್ತಿ ಹೆಸರು, ಅರ್ಧ ಅಲ್ಲ.

ತೀರಾ ಕೆಳಗೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ — 'ಹೆಟ್ಟಿ, ನಿನ್ನ ಹೊಟ್ಟೆ ತಣ್ಣಗಿರಲಿ.'

ಕಾರಿಡಾರಿನ ಫೋನಿಗೆ ಓಡಿದೆ. ವೆರ್ಲನ್ ಎತ್ತಿದ.

"ಯಾವ್ ಅರ್ಥದಲ್ಲಿ ಹಾಕಿದ್ದೀರಾ?"

"ನಾನ್ ಹಾಕಿದ್ದಲ್ಲಪ್ಪ. ಅಮ್ಮ ಹೇಳಿದ್ದು. ಅಮ್ಮನ್ನೇ ಕೇಳು."

ಅತ್ತೆ ಬಂದಳು. "ಏನೇ, ಬಸ್ ತಪ್ತಾ? ಊಟ ಮಾಡ್ದ್ಯಾ?"

"ಅತ್ತೆ, ಅದು ಪೆದ್ದಿ ಅಂತನಾ, ಹರಸಿದ್ದಾ?"

ಆ ಕಡೆ ಅವಳು ಪಾತ್ರೆಗೆ ಮುಚ್ಚಳ ಹಾಕಿದ ಸದ್ದು. "ಎರಡೂ ಒಂದೇ ಕಣೇ. ಮನೆಯೋರಿಗಲ್ದೆ ಇನ್ಯಾರಿಗೆ ಹಂಗಂತಾರೆ?"

ಹಿಂದೆ ಲೋಂಜೊ ಕೂಗುತ್ತಿದ್ದ, ಫೋರ್ಕ್ ತರೋಕ್ ಹೇಳಿ, ಮೀನ್ ಮಾಡಿದ್ದೀವಿ ಅಂತ.

ಹನ್ನೆರಡರ ಬಸ್ಸಿಗೆ ಇನ್ನೂ ನಲವತ್ತು ನಿಮಿಷ. ರೂಮ್‌ಮೇಟ್ ತನ್ನ ಪ್ಲೇಯರ್ ಕೊಟ್ಟಿದ್ದಾಳೆ. ಕೇಳದೆಯೇ ಕೊಟ್ಟಳು, ಪಕ್ಕದಲ್ಲೇ ಕೂತಿದ್ದಾಳೆ, ಬಾಗಿಲಲ್ಲಿ ಇನ್ನಿಬ್ಬರು. ಸೂಜಿ ಇಟ್ಟಿದ್ದೇನೆ. ಮೊದಲು ಹಾಡಲ್ಲ. ನದಿ, ಗಾಳಿ, ಆಮೇಲೆ ಅದು, ಮೂರರ ಸಿಳ್ಳೆ, ಗ್ಯಾಸ್ಕಿನ್ ತೆಗೆದೇ ಇಲ್ಲ! ಹಾಗಾದರೆ ನನ್ನ 'ಸಿಕ್ತು!' ಅನ್ನೋ ಕೂಗೂ... ಈಗ ಬರಬೇಕು, ಈಗ —